ಧ್ವನಿಪೆಟ್ಟಿಗೆ ತಯಾರಿಕೆ: ಡ್ರೈವರ್ ಹಾಗೂ ಕ್ರಾಸ್‌ಓವರ್‌ಗಳ ಯೋಗ್ಯ ಆಯ್ಕೆ

ಹುಬ್ಬಳ್ಳಿಯ ವಿದ್ಯಾನಗರವು ವಿದ್ಯಾಸಂಸ್ಥೆಗಳಿಂದ ಹೆಸರಾದ ಬಡಾವಣೆ. 1947ರಲ್ಲಿ ಆರಂಭವಾದ ಬಿ.ವಿ. ಭೂಮರಡ್ಡಿ ಇಂಜಿನಿಯರಿಂಗ್ ಕಾಲೇಜು 2015ರಲ್ಲಿ ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾಲಯವಾಗಿ ರೂಪುಗೊಂಡು ಇಲ್ಲಿಯೇ ನೆಲೆಸಿದೆ. ಇಂತಹ ನೆರೆಹೊರೆಯಲ್ಲಿ ಧ್ವನಿಪೆಟ್ಟಿಗೆ ಜೋಡಣೆಯ ಕಿರು ಉದ್ಯಮಕ್ಕೆ ಬೇಕಾದುದೆಲ್ಲವೂ ಕೈಗೆಟಕುವಂತಿದೆ. ಮರಗೆಲಸ ಬಲ್ಲವರು, ಮೋಟಾರು ವೈಂಡಿಂಗ್ ಮಾಡುವವರು, ಇಲೆಕ್ಟ್ರಾನಿಕ್ಸ್ ಓದಿದ ತರುಣರು ಅವಳಿ ನಗರದಲ್ಲಿ ಹೇರಳವಾಗಿದ್ದಾರೆ. ಸಂಗೀತ ಕೇಳುವ ಕಿವಿಗಳಿಗಂತೂ ಕೊರತೆಯಿಲ್ಲ. ಸವಾಯಿ ಗಂಧರ್ವರ ಕುಂದಗೋಳ, ಗಂಗೂಬಾಯಿ ಹಾನಗಲ್‌ರ ಹುಬ್ಬಳ್ಳಿ, ಮಲ್ಲಿಕಾರ್ಜುನ ಮನಸೂರರ ಧಾರವಾಡ ಇವು ಮೂರೂ ಪರಸ್ಪರ ಕೂಗಳತೆಯಲ್ಲಿರುವ ಊರುಗಳು. 1950ರಿಂದ ಧಾರವಾಡ ಆಕಾಶವಾಣಿಯು ಈ ಭಾಗದ ಮನೆಮನೆಗೆ ಗಾಯನವನ್ನು ತಲುಪಿಸುತ್ತ ಬಂದಿದೆ.

ಆದಾಗ್ಯೂ ಸ್ಥಳೀಯವಾಗಿ ಜೋಡಿಸಿದ ಪೆಟ್ಟಿಗೆಗಳ ವಿಷಯದಲ್ಲಿ ಗ್ರಾಹಕರಿಂದ ಕೇಳಿಬರುವ ದೂರುಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಮಾತು ಸ್ಪಷ್ಟವಾಗಿ ಕೇಳಿಸುವುದಿಲ್ಲ, ತಬಲಾದ ಎಡಗೈ ಗುಂಯ್‌ಗುಡುತ್ತದೆ, ಕೆಲವು ತಿಂಗಳಲ್ಲಿ ಟ್ವೀಟರ್ ಸುಟ್ಟುಹೋಗುತ್ತದೆ. ಇದಕ್ಕೆ ಅಗ್ಗದ ಬಿಡಿಭಾಗಗಳೇ ಕಾರಣವೆಂದು ಭಾವಿಸಿ ಮುಂದಿನ ಸಲ ದುಬಾರಿ ಡ್ರೈವರ್ ತರಿಸುವುದು ವಾಡಿಕೆ. ದೂರು ಮಾತ್ರ ಹಾಗೆಯೇ ಉಳಿಯುತ್ತದೆ. ಬಹುತೇಕ ಪ್ರಸಂಗಗಳಲ್ಲಿ ದೋಷವಿರುವುದು ಭಾಗಗಳ ದರ್ಜೆಯಲ್ಲಲ್ಲ, ಅವುಗಳ ಪರಸ್ಪರ ಹೊಂದಾಣಿಕೆಯಲ್ಲಿ. ಡ್ರೈವರ್, ಪೆಟ್ಟಿಗೆ ಹಾಗೂ ಕ್ರಾಸ್‌ಓವರ್ ಇವುಗಳನ್ನು ಬೇರೆಬೇರೆ ಅಂಗಡಿಗಳಿಂದ ಬೇರೆಬೇರೆ ದಿನ ಖರೀದಿಸಬಹುದು. ಆದರೆ ಅವುಗಳ ಲೆಕ್ಕವನ್ನು ಒಂದೇ ಕಾಗದದ ಮೇಲೆ ಮಾಡಬೇಕಾಗುತ್ತದೆ.

ವ್ಯಾಟ್, ಅಯಸ್ಕಾಂತ ಮತ್ತು ಇಂಚು

ಡ್ರೈವರ್ ಎಂದರೆ ಪೆಟ್ಟಿಗೆಯೊಳಗೆ ಕೂಡಿಸುವ ಮೂಲ ಧ್ವನಿವರ್ಧಕ. ಕೆಳಸ್ವರಗಳನ್ನು ಹೊರಡಿಸುವ ದೊಡ್ಡ ಡ್ರೈವರಿಗೆ ವೂಫರ್ ಎಂದೂ, ಮೇಲುಸ್ವರಗಳನ್ನು ಹೊರಡಿಸುವ ಚಿಕ್ಕದಕ್ಕೆ ಟ್ವೀಟರ್ ಎಂದೂ ಹೆಸರು. ಅಮೆರಿಕದ ರೈಸ್ ಮತ್ತು ಕೆಲಾಗ್ ಎಂಬ ಇಬ್ಬರು ಇಂಜಿನಿಯರರು 1925ರಲ್ಲಿ ಪ್ರಕಟಿಸಿದ ವಿನ್ಯಾಸವೇ, ಅಂದರೆ ಅಯಸ್ಕಾಂತದ ಕಂಡಿಯಲ್ಲಿ ಆಡುವ ತಂತಿಸುರುಳಿಯು ಶಂಕುವನ್ನು ಮುಂದಕ್ಕೂ ಹಿಂದಕ್ಕೂ ದೂಡುವ ಏರ್ಪಾಡೇ, ಇಂದಿಗೂ ಬಹುಪಾಲು ಡ್ರೈವರ್‌ಗಳಲ್ಲಿ ಬಳಕೆಯಲ್ಲಿದೆ.

ಅಂಗಡಿಯಲ್ಲಿ ಇವುಗಳನ್ನು ಆರಿಸುವಾಗ ವ್ಯಾಟ್ ಎಷ್ಟು, ಅಯಸ್ಕಾಂತ ಎಷ್ಟು ತೂಕದ್ದು, ಎಷ್ಟು ಇಂಚಿನದು ಎಂಬ ಮೂರು ಪ್ರಶ್ನೆಗಳನ್ನು ಕೇಳುವುದು ರೂಢಿ. ಮೂರಕ್ಕೂ ಉತ್ತರ ದೊರೆತರೂ ಪೆಟ್ಟಿಗೆಯ ಧ್ವನಿ ಹೇಗಿದ್ದೀತೆಂದು ಹೇಳಲಾಗದು. ವ್ಯಾಟ್ ಎಂಬುದು ಡ್ರೈವರ್ ತಾಳಿಕೊಳ್ಳಬಲ್ಲ ವಿದ್ಯುತ್ತಿನ ಪ್ರಮಾಣವೇ ಹೊರತು ಹೊರಡಿಸುವ ಧ್ವನಿಯ ಪ್ರಮಾಣವಲ್ಲ. ಪೆಟ್ಟಿಗೆಯ ಮೇಲೆ ಸಾವಿರಗಟ್ಟಲೆ ಅಂಕಿಯೊಡನೆ ರಾರಾಜಿಸುತ್ತಿದ್ದ 'ಪಿಎಂಪಿಒ' ಎಂಬ ಮಾಪನಕ್ಕೆ ಸರ್ವಸಮ್ಮತವಾದ ವ್ಯಾಖ್ಯೆಯೇ ಇಲ್ಲ. ಮುದ್ರಿಸಿದವನ ಔದಾರ್ಯವೇ ಅದರ ಆಧಾರ. ಅದನ್ನು ನಂಬಿ ಖರೀದಿ ಮಾಡುವ ಕಾಲ ಮುಗಿಯಿತೆಂದೇ ವರ್ತಕರು ಭಾವಿಸುವುದು ಒಳಿತು.

ವ್ಯಾಟ್‌ಗಿಂತ ಮೊದಲು ವಿಚಾರಿಸಬೇಕಾದುದು ಸಂವೇದನೆಯನ್ನು. ಒಂದು ವ್ಯಾಟ್ ವಿದ್ಯುತ್ತನ್ನು ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಧ್ವನಿ ದೊರೆಯುತ್ತದೆ ಎಂಬುದೇ ಆ ಅಂಕಿ. ಪ್ರತಿ 3 ಡೆಸಿಬೆಲ್ ಹೆಚ್ಚಳಕ್ಕೂ ಆಂಪ್ಲಿಫೈಯರಿನ ಶಕ್ತಿಯನ್ನು ಇಮ್ಮಡಿಗೊಳಿಸಬೇಕು. 86 ಡೆಸಿಬೆಲ್‌ನ ಡ್ರೈವರು 80 ವ್ಯಾಟ್ ಪಡೆದು ಕೊಡುವ ಧ್ವನಿಯನ್ನು 92 ಡೆಸಿಬೆಲ್‌ನ ಡ್ರೈವರು 20 ವ್ಯಾಟ್‌ನಲ್ಲಿಯೇ ಕೊಡುತ್ತದೆ. ಡ್ರೈವರಿನಲ್ಲಿ ಉಳಿಸಿದ ಹಣವನ್ನು ಆಂಪ್ಲಿಫೈಯರಿಗೆ ತೆರುವುದು ಜಾಣ ವ್ಯಾಪಾರವಾಗಲಾರದು.

ಮಾಹಿತಿ ಪತ್ರವನ್ನು ಓದುವ ಬಗೆ

ವೂಫರನ್ನು ಯಾವ ಅಳತೆಯ ಪೆಟ್ಟಿಗೆಯಲ್ಲಿ ಕೂಡಿಸಬೇಕೆಂಬುದು ಬಹುಕಾಲ ಅಂದಾಜಿನ ಕೆಲಸವಾಗಿತ್ತು. ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿಯೂ, ರಿಚರ್ಡ್ ಸ್ಮಾಲ್ 1970ರ ದಶಕದ ಆರಂಭದಲ್ಲಿಯೂ ಪ್ರಕಟಿಸಿದ ಪ್ರಬಂಧಗಳು ಅದನ್ನು ಲೆಕ್ಕದ ಕೆಲಸವನ್ನಾಗಿಸಿದವು. ಉತ್ತಮ ತಯಾರಕರು ಡ್ರೈವರಿನೊಡನೆ ಕೊಡುವ ಮಾಹಿತಿ ಪತ್ರದಲ್ಲಿ ಥೀಲ್-ಸ್ಮಾಲ್ ಮೌಲ್ಯಗಳೆಂದು ಕರೆಯಲ್ಪಡುವ ಅಂಕಿಗಳಿರುತ್ತವೆ. ಮೂರನ್ನು ಅರಿತರೆ ಕೆಲಸ ಆರಂಭಿಸಬಹುದು. ಎಫ್‌ಎಸ್ ಎಂಬುದು ಬಿಡಿ ಡ್ರೈವರಿನ ಸಹಜ ಕಂಪನಾಂಕ. ಕ್ಯೂಟಿಎಸ್ ಎಂಬುದು ಆ ಕಂಪನವನ್ನು ಡ್ರೈವರು ತಾನಾಗಿಯೇ ಎಷ್ಟರಮಟ್ಟಿಗೆ ಹಿಡಿತದಲ್ಲಿಟ್ಟುಕೊಳ್ಳುತ್ತದೆ ಎಂಬುದರ ಸೂಚಕ. ಅಂಕಿ ಕಡಿಮೆಯಾದಷ್ಟೂ ಹಿಡಿತ ಹೆಚ್ಚು. ವಿಎಎಸ್ ಎಂಬುದು ಶಂಕುವಿನ ತೂಗುಬಂಧದಷ್ಟೇ ಬಿಗಿಯಿರುವ ಗಾಳಿಯ ಗಾತ್ರ, ಲೀಟರುಗಳಲ್ಲಿ.

ಉದಾಹರಣೆಗೆ ಆರೂವರೆ ಇಂಚಿನ ಒಂದು ವೂಫರಿನ ಎಫ್‌ಎಸ್ 45 ಹರ್ಟ್ಜ್, ಕ್ಯೂಟಿಎಸ್ 0.38, ವಿಎಎಸ್ 20 ಲೀಟರ್ ಎಂದಿಟ್ಟುಕೊಳ್ಳೋಣ. ಸಂಪೂರ್ಣ ಮುಚ್ಚಿದ ಪೆಟ್ಟಿಗೆಯಲ್ಲಿ ಇದನ್ನು ಕೂಡಿಸಿದಾಗ ಒಟ್ಟು ಕ್ಯೂ ಮೌಲ್ಯವು 0.707 ಆಗುವುದು ಸಮತೋಲನದ ಧ್ವನಿಗೆ ಯೋಗ್ಯ. 0.707ನ್ನು 0.38ರಿಂದ ಭಾಗಿಸಿ, ಬಂದುದರ ವರ್ಗದಿಂದ 1ನ್ನು ಕಳೆದರೆ 2.46 ದೊರೆಯುತ್ತದೆ. 20 ಲೀಟರನ್ನು ಇದರಿಂದ ಭಾಗಿಸಿದರೆ ಪೆಟ್ಟಿಗೆಯ ಒಳಗಾತ್ರ ಸುಮಾರು 8 ಲೀಟರ್. ಒಳ ಅಳತೆ 28, 18 ಮತ್ತು 16 ಸೆಂಟಿಮೀಟರ್ ಇಟ್ಟರೆ ಈ ಗಾತ್ರ ಸಿದ್ಧಿಸುತ್ತದೆ. ಡ್ರೈವರು, ಆಧಾರಪಟ್ಟಿ ಮತ್ತು ಕ್ರಾಸ್‌ಓವರ್ ಆಕ್ರಮಿಸುವ ಜಾಗವನ್ನು ಮೇಲಾಗಿ ಸೇರಿಸಿಕೊಳ್ಳಬೇಕು. ಪೆಟ್ಟಿಗೆಯೊಳಗೆ ಈ ವೂಫರಿನ ಕಂಪನಾಂಕವು 45ರಿಂದ 84 ಹರ್ಟ್ಜ್‌ಗೆ ಏರುತ್ತದೆ. ಅದರಿಂದ ಕೆಳಗೆ ಧ್ವನಿ ಇಳಿಯತೊಡಗುತ್ತದೆ.

84 ಹರ್ಟ್ಜ್ ಸಾಕೇ ಎಂಬ ಪ್ರಶ್ನೆಗೆ ಉತ್ತರವನ್ನು ಈ ಭಾಗದ ಸಂಗೀತವೇ ಕೊಡುತ್ತದೆ. ಪುರುಷ ಗಾಯಕರು ಕಪ್ಪು ಒಂದರ ಷಡ್ಜದಲ್ಲಿ, ಅಂದರೆ ಸುಮಾರು 139 ಹರ್ಟ್ಜ್‌ನಲ್ಲಿ ಹಾಡಿದಾಗ ತಂಬೂರಿಯ ಖರ್ಜ ತಂತಿಯು ಅದರ ಅರ್ಧದಲ್ಲಿ, 69 ಹರ್ಟ್ಜ್‌ನಲ್ಲಿ ನುಡಿಯುತ್ತದೆ. ಮೇಲೆ ಹೇಳಿದ ಮುಚ್ಚಿದ ಪೆಟ್ಟಿಗೆಯಲ್ಲಿ ಆ ಮೂಲಸ್ವರವು ಸುಮಾರು 5 ಡೆಸಿಬೆಲ್ ಕುಗ್ಗಿ ಕೇಳಿಸುತ್ತದೆ. ತಂಬೂರಿಯಲ್ಲಿ ಮೇಲಿನ ಅನುಸ್ವರಗಳೇ ಶ್ರೀಮಂತವಾಗಿರುವುದರಿಂದ ಕಿವಿ ಅದನ್ನು ಬಹುಮಟ್ಟಿಗೆ ತುಂಬಿಕೊಳ್ಳುತ್ತದೆಯಾದರೂ ಪಕ್ಕದಲ್ಲಿ ಉತ್ತಮ ಪೆಟ್ಟಿಗೆಯಿಟ್ಟು ಹೋಲಿಸಿದರೆ ಕೊರತೆ ತಿಳಿಯುತ್ತದೆ. ಇದೇ ವೂಫರನ್ನು ಸುಮಾರು 15 ಲೀಟರಿನ ರಂಧ್ರಸಹಿತ ಪೆಟ್ಟಿಗೆಯಲ್ಲಿ, 5 ಸೆಂಟಿಮೀಟರ್ ಒಳವ್ಯಾಸದ 14 ಸೆಂಟಿಮೀಟರ್ ಉದ್ದದ ಕೊಳವೆಯೊಡನೆ ಕೂಡಿಸಿದರೆ ಧ್ವನಿಯು 50 ಹರ್ಟ್ಜ್ ಆಸುಪಾಸಿನವರೆಗೆ ಇಳಿಯುತ್ತದೆ. ಖರ್ಜವೂ ಬಾಯಾದ ಗುಮಕಿಯೂ ದಕ್ಕುತ್ತವೆ. ಆದರೆ ಕೊಳವೆಯ ಶ್ರುತಿಗಿಂತ ಕೆಳಗಿನ ಕಂಪನಾಂಕಗಳಲ್ಲಿ ಶಂಕುವಿಗೆ ಗಾಳಿಯ ಆಸರೆ ತಪ್ಪುತ್ತದೆ. ಹಬ್ಬದ ಮೆರವಣಿಗೆಯ ಸಂಗೀತಕ್ಕೆ ಇಂತಹ ಪೆಟ್ಟಿಗೆಯನ್ನು ಬಳಸಿದರೆ ಶಂಕು ಹರಿದು ಬರುವುದು ನಿಶ್ಚಿತ. ಮನೆಯ ಪೆಟ್ಟಿಗೆಯನ್ನು ಮನೆಯ ಪೆಟ್ಟಿಗೆಯೆಂದೇ ಮಾರಬೇಕು.

ಮಾಹಿತಿ ಪತ್ರವೇ ಇಲ್ಲದ ಡ್ರೈವರುಗಳು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿಯೂ ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಯಲ್ಲಿಯೂ ಧಾರಾಳವಾಗಿ ದೊರೆಯುತ್ತವೆ. ಅವೆಲ್ಲವೂ ಕಳಪೆಯೆಂದಲ್ಲ. ಆದರೆ ಅವುಗಳ ಮೌಲ್ಯಗಳನ್ನು ಖರೀದಿಸಿದವರೇ ಅಳೆದುಕೊಳ್ಳಬೇಕು. ಗಣಕಯಂತ್ರ, ಒಂದು ರೋಧಕ ಮತ್ತು 'ರೂಮ್ ಇಕ್ಯೂ ವಿಝಾರ್ಡ್' ಎಂಬ ಉಚಿತ ತಂತ್ರಾಂಶ ಇಷ್ಟಿದ್ದರೆ ಇದು ಅರ್ಧ ಗಂಟೆಯ ಕೆಲಸ. ಇಲೆಕ್ಟ್ರಾನಿಕ್ಸ್ ವಿದ್ಯಾರ್ಥಿಯೊಬ್ಬನಿಗೆ ಒಪ್ಪಿಸಿದರೆ ಅವನಿಗೂ ಅನುಭವ, ಉದ್ಯಮಿಗೂ ದಾಖಲೆ.

ಶಂಕುವಿನ ಅಂಚುಪಟ್ಟಿಯ ಬಗ್ಗೆ ಒಂದು ಮಾತು. ಫೋಮ್‌ನಿಂದ ಮಾಡಿದ ಅಂಚು ಆರಂಭದಲ್ಲಿ ಮೃದುವಾಗಿದ್ದರೂ ನಮ್ಮ ಹವೆಯಲ್ಲಿ ಕೆಲವು ವರ್ಷಗಳಲ್ಲಿ ಪುಡಿಪುಡಿಯಾಗುತ್ತದೆ. ರಬ್ಬರ್ ಅಂಚಿನದು ತುಸು ದುಬಾರಿಯಾದರೂ ಬಾಳಿಕೆ ಬರುವಂಥದು. ಪೆಟ್ಟಿಗೆಗೆ 18 ಮಿಲಿಮೀಟರ್ ದಪ್ಪದ ಎಂ.ಡಿ.ಎಫ್. ಹಲಗೆ ಒಳ್ಳೆಯದಾದರೂ ಕತ್ತರಿಸಿದ ಅಂಚುಗಳು ಮಳೆಗಾಲದ ತೇವವನ್ನು ಹೀರಿ ಉಬ್ಬುತ್ತವೆ. ಅಂಚುಗಳಿಗೆ ಸೀಲರ್ ಬಳಿಯದೆ ಲ್ಯಾಮಿನೇಟ್ ಅಂಟಿಸಿದ ಪೆಟ್ಟಿಗೆ ಆಷಾಢ ಕಳೆಯುವಷ್ಟರಲ್ಲಿ ಬಾಯಿ ಬಿಡುತ್ತದೆ. ಐ.ಎಸ್. 303 ಗುರುತಿನ, ಕುದಿನೀರು ತಡೆಯುವ ದರ್ಜೆಯ ಪ್ಲೈವುಡ್ ಈ ದೃಷ್ಟಿಯಿಂದ ಹೆಚ್ಚು ನೆಮ್ಮದಿಯದು.

ಕ್ರಾಸ್‌ಓವರ್: ದುಡ್ಡು ಪೋಲಾಗುವ ಜಾಗ

ಆರೂವರೆ ಇಂಚಿನ ವೂಫರ್ ಒಂದೇ ಎಲ್ಲ ಸ್ವರಗಳನ್ನೂ ಹೊರಡಿಸಲಾರದು. ಇದರ ಶಂಕುವಿನ ಕ್ರಿಯಾಶೀಲ ವ್ಯಾಸ ಸುಮಾರು 13 ಸೆಂಟಿಮೀಟರ್. ಧ್ವನಿಯ ತರಂಗದ ಉದ್ದವು ಇದಕ್ಕೆ ಸಮನಾಗುವ 2,600 ಹರ್ಟ್ಜ್ ಸಮೀಪದಿಂದ ಮೇಲೆ ಧ್ವನಿಯು ಕೋಣೆಯಲ್ಲೆಲ್ಲ ಹರಡದೆ ಟಾರ್ಚಿನ ಬೆಳಕಿನಂತೆ ನೇರವಾಗಿ ಸಾಗತೊಡಗುತ್ತದೆ. ಆದುದರಿಂದ 2,000ದಿಂದ 2,500 ಹರ್ಟ್ಜ್‌ನ ನಡುವೆ ಎಲ್ಲಿಯಾದರೂ ವೂಫರಿನಿಂದ ಟ್ವೀಟರಿಗೆ ಹೊಣೆಯನ್ನು ವರ್ಗಾಯಿಸಬೇಕು. ಈ ವರ್ಗಾವಣೆ ಮಾಡುವ ಕಾಯಿಲ್ ಮತ್ತು ಕೆಪಾಸಿಟರುಗಳ ಜೋಡಣೆಯೇ ಕ್ರಾಸ್‌ಓವರ್. ಮನುಷ್ಯನ ಕಿವಿ ಅತ್ಯಂತ ಸೂಕ್ಷ್ಮವಾಗಿರುವುದು 2,000ದಿಂದ 5,000 ಹರ್ಟ್ಜ್‌ನ ನಡುವೆ ಎಂಬುದು 1933ರ ಫ್ಲೆಚರ್-ಮನ್ಸನ್ ಅಧ್ಯಯನದಿಂದ ತಿಳಿದುಬಂದಿರುವ ಸಂಗತಿ. ಎರಡು ಡ್ರೈವರುಗಳ ಬೆಸುಗೆಯೂ ಅಲ್ಲಿಯೇ ಬೀಳುವುದರಿಂದ ಬೆಸುಗೆಯ ದೋಷ ಮುಚ್ಚಿಡಲು ಬರುವುದಿಲ್ಲ.

ಮಾರುಕಟ್ಟೆಯಲ್ಲಿ '8 ಓಮ್, 3,000 ಹರ್ಟ್ಜ್' ಎಂಬ ಚೀಟಿಯಿರುವ ಸಿದ್ಧ ಕ್ರಾಸ್‌ಓವರ್ ಹಲಗೆಗಳು ದೊರೆಯುತ್ತವೆ. ಸಣ್ಣ ಉತ್ಪಾದಕರು ಹೆಚ್ಚಾಗಿ ಮೋಸಹೋಗುವುದು ಇಲ್ಲಿಯೇ. ಸರಳ ಲೆಕ್ಕವೊಂದರಿಂದ ಇದನ್ನು ಪರೀಕ್ಷಿಸಬಹುದು. ಮೊದಲ ದರ್ಜೆಯ ಕ್ರಾಸ್‌ಓವರಿನಲ್ಲಿ ವೂಫರಿಗೆ ಒಂದು ಕಾಯಿಲ್, ಟ್ವೀಟರಿಗೆ ಒಂದು ಕೆಪಾಸಿಟರ್ ಇರುತ್ತವೆ. 8 ಓಮ್ ಮತ್ತು 3,000 ಹರ್ಟ್ಜ್‌ಗೆ ಕಾಯಿಲ್ 0.42 ಮಿಲಿಹೆನ್ರಿ, ಕೆಪಾಸಿಟರ್ 6.6 ಮೈಕ್ರೊಫ್ಯಾರಡ್ ಬರುತ್ತದೆ. ಈ ಹಲಗೆಗೆ 8 ಓಮ್‌ನ ಬದಲು 4 ಓಮ್‌ನ ವೂಫರ್ ಮತ್ತು ಟ್ವೀಟರ್ ಜೋಡಿಸಿದರೆಂದುಕೊಳ್ಳೋಣ. ವೂಫರು 1,500 ಹರ್ಟ್ಜ್‌ನಲ್ಲಿಯೇ ಇಳಿಯತೊಡಗುತ್ತದೆ. ಟ್ವೀಟರು 6,000 ಹರ್ಟ್ಜ್‌ಗಿಂತ ಮೊದಲು ಪೂರ್ಣವಾಗಿ ಕೈಜೋಡಿಸುವುದಿಲ್ಲ. ನಡುವಿನ ಎರಡು ಸಪ್ತಕಗಳಲ್ಲಿ ಹಳ್ಳ ಬೀಳುತ್ತದೆ. ಮಾತಿನ ವ್ಯಂಜನಗಳನ್ನು ಒಂದರಿಂದೊಂದು ಬೇರ್ಪಡಿಸುವ ಅಂಶಗಳಲ್ಲಿ ಬಹುಪಾಲು ಇರುವುದು ಇದೇ ಹಳ್ಳದಲ್ಲಿ. 'ಮಾತು ಸ್ಪಷ್ಟವಿಲ್ಲ' ಎಂಬ ಗ್ರಾಹಕರ ದೂರಿನ ಮೂಲ ಇದು. ಬಿಡಿಭಾಗಗಳು ಒಂದೊಂದಾಗಿ ಉತ್ತಮವೇ ಇದ್ದರೂ ಈ ದೂರು ತಪ್ಪದು.

8 ಓಮ್ ಎಂದು ಬರೆದಿರುವ ಡ್ರೈವರು ಸಹ ಎಲ್ಲ ಕಂಪನಾಂಕಗಳಲ್ಲಿ 8 ಓಮ್ ಆಗಿರುವುದಿಲ್ಲ ಎಂಬುದು ಇನ್ನೊಂದು ತೊಡಕು. ಅನುರಣನದ ಬಳಿ ಅದು ಹಲವು ಪಟ್ಟು ಏರುತ್ತದೆ, ನಡುವೆ 6 ಓಮ್‌ಗೆ ಇಳಿಯುತ್ತದೆ, ಮೇಲುಸ್ವರಗಳಲ್ಲಿ ತಂತಿಸುರುಳಿಯ ಪ್ರೇರಕತ್ವದಿಂದಾಗಿ ಮತ್ತೆ ಏರುತ್ತದೆ. ಕಾಯಿಲ್ ಒಂದನ್ನೇ ನೆಚ್ಚಿದರೆ, ವೂಫರು ಇಳಿಯಬೇಕಾದ ಜಾಗದಲ್ಲಿಯೇ ಅದರ ಓಮ್ ಹೆಚ್ಚುವುದರಿಂದ ಕಾಯಿಲ್ ತನ್ನ ಕೆಲಸ ಮಾಡುವುದಿಲ್ಲ. ಇದಕ್ಕೆ ಪರಿಹಾರ ಝೋಬೆಲ್ ಎಂಬ ಸಂಶೋಧಕನ ಹೆಸರಿನ ಜೋಡಣೆ: ವೂಫರಿಗೆ ಸಮಾನಾಂತರವಾಗಿ ಒಂದು ರೋಧಕ ಮತ್ತು ಒಂದು ಕೆಪಾಸಿಟರ್ ಸರಣಿ. ವೂಫರಿನ ನೇರವಿದ್ಯುತ್ ರೋಧ 6.2 ಓಮ್, ಪ್ರೇರಕತ್ವ 0.6 ಮಿಲಿಹೆನ್ರಿ ಇದ್ದರೆ ರೋಧಕವು ಅದರ ಒಂದೂಕಾಲು ಪಟ್ಟು, ಅಂದರೆ ಸುಮಾರು 7.7 ಓಮ್, ಕೆಪಾಸಿಟರ್ 10 ಮೈಕ್ರೊಫ್ಯಾರಡ್. ಅಲ್ಪ ಖರ್ಚಿನ ಈ ಎರಡು ಭಾಗಗಳು ಸಿದ್ಧ ಹಲಗೆಗಳಲ್ಲಿ ಇರುವುದಿಲ್ಲ. ಇರುವಂತೆಯೂ ಇಲ್ಲ, ಏಕೆಂದರೆ ಹಲಗೆ ಮಾಡಿದವರಿಗೆ ಯಾವ ವೂಫರ್ ಬರುತ್ತದೆಂದು ಗೊತ್ತಿರುವುದಿಲ್ಲ.

ಟ್ವೀಟರ್ ಸುಡುವುದೇಕೆ

ಅಗ್ಗದ ಪೆಟ್ಟಿಗೆಗಳಲ್ಲಿ ಟ್ವೀಟರಿಗೆ ಒಂದೇ ಕೆಪಾಸಿಟರ್ ಹಾಕಿ ಕೈತೊಳೆದುಕೊಳ್ಳುವುದುಂಟು. 3,000 ಹರ್ಟ್ಜ್‌ಗೆ ಲೆಕ್ಕಹಾಕಿದ ಒಂಟಿ ಕೆಪಾಸಿಟರು 1,500 ಹರ್ಟ್ಜ್‌ನಲ್ಲಿ ಧ್ವನಿಯನ್ನು ಇಳಿಸುವುದು ಬರೀ 7 ಡೆಸಿಬೆಲ್‌ನಷ್ಟು. ಗುಮ್ಮಟಾಕಾರದ ಅನೇಕ ಟ್ವೀಟರುಗಳ ಸಹಜ ಕಂಪನಾಂಕ 1,000ದಿಂದ 1,500 ಹರ್ಟ್ಜ್. ತಾನು ತಾನಾಗಿಯೇ ನಡುಗುವ ಜಾಗದಲ್ಲಿ ಇಷ್ಟೊಂದು ವಿದ್ಯುತ್ತು ಹರಿದರೆ ಅದರ ಪುಟ್ಟ ಸುರುಳಿ ಎಷ್ಟು ದಿನ ತಡೆದೀತು? ಒಂದು ಸಪ್ತಕ ಕೆಳಗಿಳಿದು ಅಷ್ಟೇ ಧ್ವನಿ ಹೊರಡಿಸಲು ಗುಮ್ಮಟವು ನಾಲ್ಕು ಪಟ್ಟು ಹೆಚ್ಚು ಆಡಬೇಕಾಗುತ್ತದೆ ಎಂಬುದನ್ನೂ ಗಮನಿಸಬೇಕು. ಇದರ ಮೇಲೆ ಚಿಕ್ಕ ಆಂಪ್ಲಿಫೈಯರನ್ನು ಮಿತಿಮೀರಿ ಏರಿಸಿದಾಗ ತರಂಗದ ತಲೆ ಕತ್ತರಿಸಿ ಹುಟ್ಟುವ ಕರ್ಕಶ ಮೇಲುಸ್ವರಗಳೂ ಟ್ವೀಟರಿನ ಪಾಲಿಗೇ ಬರುತ್ತವೆ. ದೊಡ್ಡ ಆಂಪ್ಲಿಫೈಯರಿನಿಂದಲೇ ಟ್ವೀಟರ್ ಸುಡುತ್ತದೆಂಬ ನಂಬಿಕೆ ಪೂರ್ತಿ ಸರಿಯಲ್ಲ. ಚಿಕ್ಕದನ್ನು ಹಿಂಡಿದಾಗಲೂ ಸುಡುತ್ತದೆ.

ಎರಡನೆಯ ದರ್ಜೆಯ ಕ್ರಾಸ್‌ಓವರಿನಲ್ಲಿ ಪ್ರತಿ ಡ್ರೈವರಿಗೂ ಒಂದು ಕಾಯಿಲ್ ಮತ್ತು ಒಂದು ಕೆಪಾಸಿಟರ್ ಇರುತ್ತವೆ. ಅಮೆರಿಕದ ಲಿಂಕ್‌ವಿಟ್ಝ್ 1976ರಲ್ಲಿ ಪ್ರಕಟಿಸಿದ, ಅವರ ಸಹೋದ್ಯೋಗಿ ರೈಲಿಯ ಹೆಸರನ್ನೂ ಸೇರಿಸಿ ಕರೆಯಲಾಗುವ ಲಿಂಕ್‌ವಿಟ್ಝ್-ರೈಲಿ ಪದ್ಧತಿಯು ಮನೆಯ ಪೆಟ್ಟಿಗೆಗಳಿಗೆ ಅತ್ಯಂತ ಯೋಗ್ಯ. ಇದರ ಎರಡನೆಯ ದರ್ಜೆಯ ರೂಪದಲ್ಲಿ ವರ್ಗಾವಣೆಯ ಅರ್ಧ ಕಂಪನಾಂಕದಲ್ಲಿ ಧ್ವನಿ 14 ಡೆಸಿಬೆಲ್ ಇಳಿಯುತ್ತದೆ. ಒಂಟಿ ಕೆಪಾಸಿಟರಿನ ಇಮ್ಮಡಿ ರಕ್ಷಣೆ. ಲೆಕ್ಕವೂ ಸರಳ. ಓಮ್ ಮೌಲ್ಯವನ್ನು 0.318ರಿಂದ ಗುಣಿಸಿ ಹರ್ಟ್ಜ್‌ನಿಂದ ಭಾಗಿಸಿದರೆ ಕಾಯಿಲಿನ ಮೌಲ್ಯ ಹೆನ್ರಿಗಳಲ್ಲಿ ಬರುತ್ತದೆ. 0.0796ನ್ನು ಓಮ್ ಮತ್ತು ಹರ್ಟ್ಜ್‌ಗಳ ಗುಣಲಬ್ಧದಿಂದ ಭಾಗಿಸಿದರೆ ಕೆಪಾಸಿಟರಿನ ಮೌಲ್ಯ ಫ್ಯಾರಡ್‌ಗಳಲ್ಲಿ. 8 ಓಮ್, 2,500 ಹರ್ಟ್ಜ್‌ಗೆ 1.02 ಮಿಲಿಹೆನ್ರಿ ಮತ್ತು 4 ಮೈಕ್ರೊಫ್ಯಾರಡ್. ಅಳತೆಯಲ್ಲಿ ವೂಫರು 6.2 ಓಮ್ ಎಂದು ಕಂಡುಬಂದರೆ ಅದರ ಪಾಲಿಗೆ ಆ ಅಂಕಿಯನ್ನೇ ಹಾಕಬೇಕು, ಆಗ 0.79 ಮಿಲಿಹೆನ್ರಿ ಮತ್ತು 5.1 ಮೈಕ್ರೊಫ್ಯಾರಡ್ ಬರುತ್ತದೆ. ಆರಿಸಿದ ವರ್ಗಾವಣಾ ಕಂಪನಾಂಕವು ಟ್ವೀಟರಿನ ಸಹಜ ಕಂಪನಾಂಕದ ಕನಿಷ್ಠ ಎರಡು ಪಟ್ಟು ಇರಬೇಕೆಂಬುದು ನಿಯಮ. ಅಂದರೆ 2,500 ಹರ್ಟ್ಜ್ ಬಯಸುವವರು 1,500 ಹರ್ಟ್ಜ್‌ನ ಟ್ವೀಟರನ್ನು ಬಿಟ್ಟು 1,200 ಅಥವಾ ಅದಕ್ಕಿಂತ ಕೆಳಗಿನದನ್ನು ಹುಡುಕಬೇಕು. ಡ್ರೈವರ್ ಮತ್ತು ಕ್ರಾಸ್‌ಓವರ್ ಒಂದೇ ಕಾಗದದ ಲೆಕ್ಕವೆಂದು ಆರಂಭದಲ್ಲಿ ಹೇಳಿದ್ದು ಇದೇ ಕಾರಣಕ್ಕೆ.

ಈ ಪದ್ಧತಿಯಲ್ಲಿ ಟ್ವೀಟರಿನ ಧನ ಮತ್ತು ಋಣ ತಂತಿಗಳನ್ನು ಅದಲುಬದಲಾಗಿ ಜೋಡಿಸಬೇಕಾಗುತ್ತದೆ. ಹಾಗೆ ಮಾಡದಿದ್ದಲ್ಲಿ ಬೆಸುಗೆಯ ಜಾಗದಲ್ಲಿ ಎರಡೂ ಡ್ರೈವರುಗಳು ಒಂದನ್ನೊಂದು ಅಳಿಸಿಹಾಕುತ್ತವೆ. ಜೋಡಣೆಯ ಕೆಲಸಗಾರನು 'ತಪ್ಪು' ತಂತಿಯನ್ನು ಕಂಡು ಸದುದ್ದೇಶದಿಂದಲೇ ಸರಿಪಡಿಸಿಬಿಡುವ ಸಂಭವವಿರುವುದರಿಂದ ತಂತಿಯ ಬಣ್ಣವನ್ನು ನಕ್ಷೆಯಲ್ಲಿ ಬರೆದು ಗೋಡೆಗೆ ಅಂಟಿಸಿಡುವುದು ಮೇಲು. ಎರಡು ಡ್ರೈವರುಗಳ ಕೇಂದ್ರಗಳ ಅಂತರವನ್ನು ಸಾಧ್ಯವಾದಷ್ಟು ಕಡಿಮೆಯಿಡಬೇಕು. 2,500 ಹರ್ಟ್ಜ್‌ನ ತರಂಗದ ಉದ್ದ ಸುಮಾರು 14 ಸೆಂಟಿಮೀಟರ್. ಅಂತರವು ಇದನ್ನು ಮೀರಿದರೆ ಕುಳಿತಾಗ ಒಂದು ಧ್ವನಿ, ನಿಂತಾಗ ಇನ್ನೊಂದು ಧ್ವನಿ.

ಸಂವೇದನೆಯ ವ್ಯತ್ಯಾಸವನ್ನೂ ಸರಿದೂಗಿಸಬೇಕಾಗುತ್ತದೆ. ಸಾಮಾನ್ಯವಾಗಿ ಟ್ವೀಟರು ವೂಫರಿಗಿಂತ ಜೋರು. 90 ಡೆಸಿಬೆಲ್‌ನ ಟ್ವೀಟರನ್ನು 87 ಡೆಸಿಬೆಲ್‌ನ ವೂಫರಿಗೆ ಸರಿಹೊಂದಿಸಲು 8 ಓಮ್ ಲೆಕ್ಕದಲ್ಲಿ ಸರಣಿಯಲ್ಲಿ 2.3 ಓಮ್, ಟ್ವೀಟರಿಗೆ ಸಮಾನಾಂತರವಾಗಿ 19 ಓಮ್ ರೋಧಕಗಳನ್ನು ಕ್ರಾಸ್‌ಓವರಿನ ನಂತರ ಸೇರಿಸಬೇಕು. ಇಷ್ಟಕ್ಕೂ ಧ್ವನಿ ತೀಕ್ಷ್ಣವೆನಿಸಿದರೆ ಆಶ್ಚರ್ಯವಿಲ್ಲ. 20 ಸೆಂಟಿಮೀಟರ್ ಅಗಲದ ಪೆಟ್ಟಿಗೆಯಲ್ಲಿ ಸುಮಾರು 600 ಹರ್ಟ್ಜ್‌ನಿಂದ ಕೆಳಗೆ ಧ್ವನಿಯು ಪೆಟ್ಟಿಗೆಯ ಹಿಂದಕ್ಕೂ ಸುತ್ತಿಕೊಂಡು ಹೋಗುವುದರಿಂದ ವೂಫರಿನ ಪರಿಣಾಮಕಾರಿ ಸಂವೇದನೆ ಮಾಹಿತಿ ಪತ್ರದ ಅಂಕಿಗಿಂತ ಕಡಿಮೆಯಾಗುತ್ತದೆ. ಗೋಡೆಗೆ ಹತ್ತಿಸಿ ಇಡುವ ಪೆಟ್ಟಿಗೆಯಾದರೆ ಗೋಡೆಯೇ ಅದನ್ನು ತುಂಬಿಕೊಡುತ್ತದೆ. ಕೋಣೆಯ ನಡುವೆ ಇಡುವಂಥದಾದರೆ ಟ್ವೀಟರನ್ನು ಇನ್ನೂ ಒಂದೆರಡು ಡೆಸಿಬೆಲ್ ಇಳಿಸಿ, ವೂಫರಿನ ಕಾಯಿಲನ್ನು ತುಸು ದೊಡ್ಡದು ಮಾಡಬೇಕಾಗುತ್ತದೆ. ಸೂತ್ರಗಳು ಆರಂಭದ ಮೌಲ್ಯಗಳನ್ನಷ್ಟೇ ಕೊಡುತ್ತವೆ. ಅಂತಿಮ ಮೌಲ್ಯಗಳು ಮೈಕ್ರೊಫೋನಿನ ಅಳತೆ ಮತ್ತು ಪರಿಚಿತ ಗಾಯನದ ಆಲಿಕೆ ಇವೆರಡರಿಂದ ನಿರ್ಧಾರವಾಗುತ್ತವೆ.

ಬಿಡಿಭಾಗಗಳ ದರ್ಜೆ

ಮಾಮೂಲಿ ಧ್ರುವಸಹಿತ ಇಲೆಕ್ಟ್ರೊಲೈಟಿಕ್ ಕೆಪಾಸಿಟರುಗಳನ್ನು ಕ್ರಾಸ್‌ಓವರಿನಲ್ಲಿ ಬಳಸಕೂಡದು. ಧ್ರುವರಹಿತವಾದುವು ಝೋಬೆಲ್ ಜೋಡಣೆಗೆ ಸಾಕು. ಟ್ವೀಟರಿನ ಸರಣಿಯಲ್ಲಿ ಬರುವ ಒಂದು ಕೆಪಾಸಿಟರನ್ನು ಮಾತ್ರ ಪಾಲಿಪ್ರೊಪಿಲೀನ್ ಫಿಲ್ಮಿನದನ್ನೇ ಹಾಕುವುದು ಒಳಿತು. ಅದರ ಮೌಲ್ಯ ನಿಖರವಾಗಿರುತ್ತದೆ ಮತ್ತು ವರ್ಷಗಳು ಕಳೆದಂತೆ ಒಣಗುವುದಿಲ್ಲ. ಇದಕ್ಕಿಂತ ಹೆಚ್ಚಿನ ಬೆಲೆಯ, ಚಿನ್ನದ ಅಕ್ಷರಗಳ ಕೆಪಾಸಿಟರುಗಳಿಗೆ ಹಣ ಸುರಿಯುವ ಅಗತ್ಯ ವ್ಯಾಪಾರಿ ಉತ್ಪನ್ನದಲ್ಲಿ ಕಂಡುಬರುವುದಿಲ್ಲ.

ಕಾಯಿಲುಗಳನ್ನು ಹೊರಗಿನಿಂದ ತರಿಸಬೇಕಾಗಿಯೇ ಇಲ್ಲ. ಮೋಟಾರು ವೈಂಡಿಂಗ್ ಮಾಡುವವರು ಎನಾಮಲ್ ತಾಮ್ರದ ತಂತಿಯಿಂದ ಗಾಳಿತಿರುಳಿನ ಕಾಯಿಲನ್ನು ಸುಲಭವಾಗಿ ಸುತ್ತಬಲ್ಲರು. 18 ಗೇಜಿನ ತಂತಿಯಲ್ಲಿ 1 ಮಿಲಿಹೆನ್ರಿಯ ಕಾಯಿಲಿಗೆ ಸುಮಾರು 0.4 ಓಮ್ ರೋಧವಿರುತ್ತದೆ. ತೆಳು ತಂತಿಯಲ್ಲಿ ಅದು ಒಂದು ಓಮ್ ದಾಟಿ ವೂಫರಿನ ಹಿಡಿತವನ್ನು ಸಡಿಲಿಸುತ್ತದೆ, ಕ್ಯೂ ಮೌಲ್ಯ ಏರಿ ಕೆಳಸ್ವರ ಗುಂಯ್‌ಗುಡುತ್ತದೆ. ತಾಮ್ರದಲ್ಲಿ ಉಳಿಸಿದ ಕೆಲವು ರೂಪಾಯಿ ತಬಲಾದ ಎಡಗೈಯಲ್ಲಿ ಕೇಳಿಸುತ್ತದೆ ಎಂದರೆ ಅತಿಶಯೋಕ್ತಿಯಲ್ಲ. ಪ್ರತಿ ಕಾಯಿಲನ್ನೂ ಎಲ್‌ಸಿಆರ್ ಮೀಟರಿನಿಂದ ಅಳೆಯಬೇಕು. ಎರಡು ಕಾಯಿಲುಗಳನ್ನು ದೂರದಲ್ಲಿ, ಒಂದಕ್ಕೊಂದು ಲಂಬವಾಗಿ ಕೂಡಿಸಬೇಕು.

ಇತ್ತೀಚಿನ ವರ್ಷಗಳಲ್ಲಿ ಕ್ರಾಸ್‌ಓವರನ್ನು ಡಿಜಿಟಲ್ ಚಿಪ್ಪಿನಲ್ಲಿ ಅಳವಡಿಸಿ, ಪ್ರತಿ ಡ್ರೈವರಿಗೂ ಪ್ರತ್ಯೇಕ ಕ್ಲಾಸ್ ಡಿ ಆಂಪ್ಲಿಫೈಯರ್ ಕೊಡುವ ಹಲಗೆಗಳು ಬಳಕೆಗೆ ಬಂದಿವೆ. ಕಾಯಿಲ್-ಕೆಪಾಸಿಟರುಗಳ ಗೊಡವೆ ತಪ್ಪುತ್ತದಾದರೂ ಅಳತೆಯ ಗೊಡವೆ ತಪ್ಪುವುದಿಲ್ಲ. ಬ್ಲೂಟೂತ್ ಸಹಿತ ಧ್ವನಿವರ್ಧಕಗಳಿಗೆ ಭಾರತೀಯ ಮಾನಕ ಬ್ಯೂರೊದ ಕಡ್ಡಾಯ ನೋಂದಣಿ ಅನ್ವಯಿಸುತ್ತದೆ. ಈ ಹೊಣೆಯನ್ನು ಹೊರಲಾಗದ ಸಣ್ಣ ಉತ್ಪಾದಕರು ಆಂಪ್ಲಿಫೈಯರ್ ರಹಿತ ಪೆಟ್ಟಿಗೆಗಳಿಂದಲೇ ಆರಂಭಿಸುವುದು ಕ್ಷೇಮ.

ಮಾರಾಟದ ಹಂತದಲ್ಲಿ

ಧ್ವನಿವರ್ಧಕಗಳು ಜಿ.ಎಸ್.ಟಿ. ವರ್ಗೀಕರಣದಲ್ಲಿ 8518ನೇ ಶೀರ್ಷಿಕೆಯಡಿ ಬರುತ್ತವೆ. ಪೊಟ್ಟಣ ಕಟ್ಟಿ ಮಾರುವುದಾದರೆ 2011ರ ಕಾನೂನುಬದ್ಧ ಮಾಪನಶಾಸ್ತ್ರ ನಿಯಮಗಳಂತೆ ತಯಾರಕರ ಹೆಸರು, ವಿಳಾಸ, ಗರಿಷ್ಠ ಮಾರಾಟ ಬೆಲೆ ಮುಂತಾದ ವಿವರಗಳನ್ನು ಮುದ್ರಿಸಬೇಕು. ಸಭೆ, ಸಮಾರಂಭ, ಗಣೇಶೋತ್ಸವಗಳಿಗೆ ದೊಡ್ಡ ಪೆಟ್ಟಿಗೆ ಒದಗಿಸುವವರು 2000ದ ಶಬ್ದಮಾಲಿನ್ಯ ನಿಯಮಗಳನ್ನೂ ಲಕ್ಷ್ಯದಲ್ಲಿಡಬೇಕಾಗುತ್ತದೆ. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿಯಿದ್ದು, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕಗಳಿಗೆ ಸಾಮಾನ್ಯವಾಗಿ ಅವಕಾಶವಿಲ್ಲ.

ಬಿಡಿಭಾಗ ಮಾರುವ ವರ್ತಕರಿಗೂ ಇಲ್ಲಿ ಪಾಲಿದೆ. ಡ್ರೈವರಿನೊಡನೆ ಮಾಹಿತಿ ಪತ್ರದ ನಕಲನ್ನು ಕೊಡುವ ಅಂಗಡಿಗೆ, ಸಿದ್ಧ ಹಲಗೆಗಳ ಬದಲು ಬಿಡಿ ಮೌಲ್ಯದ ಕೆಪಾಸಿಟರುಗಳನ್ನು ದಾಸ್ತಾನಿಡುವ ಅಂಗಡಿಗೆ ಗಿರಾಕಿಗಳು ಮರಳಿ ಬರುತ್ತಾರೆ. ಉತ್ಪಾದಕರು ಪೆಟ್ಟಿಗೆಯ ಹಿಂಬದಿಯಲ್ಲಿ ಓಮ್, ಸಂವೇದನೆ, ನಿರಂತರ ವ್ಯಾಟ್ ಮತ್ತು ವರ್ಗಾವಣಾ ಕಂಪನಾಂಕ ಇವಿಷ್ಟನ್ನು ಅಳತೆ ಮಾಡಿಯೇ ಬರೆಯತಕ್ಕದ್ದು.

ಒಂದೇ ಹೆಸರಿನ ಡ್ರೈವರು ಒಂದು ತಂಡದಿಂದ ಇನ್ನೊಂದು ತಂಡಕ್ಕೆ ಬದಲಾಗುವುದುಂಟು. ಪೂರೈಕೆದಾರರು ತಿಳಿಸದೆಯೇ ಶಂಕುವಿನ ಕಾಗದವನ್ನೋ ಸುರುಳಿಯನ್ನೋ ಬದಲಿಸಿರುತ್ತಾರೆ. ಹೊಸ ಸರಕು ಬಂದಾಗಲೆಲ್ಲ ಕೆಲವನ್ನಾದರೂ ಆರಿಸಿ ಎಫ್‌ಎಸ್ ಮತ್ತು ಓಮ್ ಅಳೆದು ಹಳೆಯ ದಾಖಲೆಯೊಡನೆ ತಾಳೆ ನೋಡಬೇಕು. ಒಂದು ಜೊತೆಗೆ ಒಂದೇ ತಂಡದ ಡ್ರೈವರುಗಳನ್ನು ಬಳಸಬೇಕು. ಮೊದಲು ಒಪ್ಪಿಗೆಯಾದ ಒಂದು ಜೊತೆ ಪೆಟ್ಟಿಗೆಯನ್ನು ಮಾರಾಟ ಮಾಡದೆ ಕಾರ್ಖಾನೆಯಲ್ಲಿಯೇ ಮಾದರಿಯಾಗಿ ಕಾಪಾಡಿಕೊಂಡು, ಪ್ರತಿ ಹೊಸ ತಂಡವನ್ನೂ ಅದರ ಪಕ್ಕದಲ್ಲಿಟ್ಟು ಒಂದೇ ಧ್ವನಿಮುದ್ರಣವನ್ನು ನುಡಿಸಿ ಕೇಳಿದ ನಂತರವೇ ಅಂಗಡಿಗಳಿಗೆ ಕಳುಹಿಸತಕ್ಕದ್ದು.